ಹಳದಿಯೋ ನವಿಲುನೀಲಿಯೋ?

ಪ್ರೀತಿಯ ಗೆಳೆಯ,

ಮೈಸೂರಿನ ಮನೆಯ ಮುಂದಿನ ಕೋಣೆಗೆ ಬೆಣ್ಣೆಯಂಥ ತಿಳಿ ಹಳದಿ ಹೊಡೆಸಲೋ, ಗಾಢ ನವಿಲುನೀಲಿಯೋ ಅಂತ ನೀನು ಕೇಳಿದ್ದೆ. ಶೇಡ್ ಕಾರ್ಡಿನ ಫೋಟೊ ನೋಡಿದರೆ ನೀಲಿಯೇ ಚೆಂದ, ನಿಜ. ಆದರೆ ಆ ಕೋಣೆಯಲ್ಲಿ ನಾನು ಎಷ್ಟೋ ಹೊತ್ತು ಕೂತಿದ್ದೇನೆ. ನನ್ನ ಮತ ಹಳದಿಗೆ.

ಅಲ್ಲಿ ಇರೋದೇ ಒಂದು ಕಿಟಕಿ, ಅದೂ ಉತ್ತರಕ್ಕೆ. ನಮ್ಮ ಕಡೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲೋದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಉಳಿದ ತಿಂಗಳು ಒಳಗೆ ಬರೋದು ಹೆಚ್ಚುಕಮ್ಮಿ ಆಕಾಶದ ಬೆಳಕೇ. ಅದು ಸ್ವಲ್ಪ ನೀಲಿಯೇ. ಜೊತೆಗೆ ಮಾವಿನ ಮರದ ನೆರಳು ಬೇರೆ. ಅಲ್ಲಿ ನವಿಲುನೀಲಿ ಸಂಜೆಗೆ ಮುಂಚೆಯೇ ಕಪ್ಪಿಟ್ಟಂತೆ ಕಾಣುತ್ತದೆ.

ಶೇಡ್ ವಿವರದಲ್ಲಿ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ, ನೋಡು. ಬಿದ್ದ ಬೆಳಕಲ್ಲಿ ಗೋಡೆ ಎಷ್ಟು ವಾಪಸ್ ಕೊಡುತ್ತದೆ ಅಂತ 0ಯಿಂದ 100ರವರೆಗಿನ ಲೆಕ್ಕ. ಇಂಥ ತಿಳಿ ಹಳದಿಗಳು ಸಾಮಾನ್ಯವಾಗಿ 70 ದಾಟುತ್ತವೆ. ಅಷ್ಟು ಗಾಢ ನೀಲಿ 15 ಮುಟ್ಟೋದೂ ಕಷ್ಟ. ಅಮ್ಮ ದಿನಾ ಅಲ್ಲೇ ಕೂತು ಪೇಪರ್ ಓದುತ್ತಾರೆ ಅಲ್ವಾ? ವಯಸ್ಸಾದ ಕಣ್ಣಿಗೆ ಬೆಳಕು ಜಾಸ್ತಿ ಬೇಕು. ನನಗೆ ಇದೊಂದೇ ಕಾರಣ ಸಾಕು.

ಇನ್ನು ನಿಮ್ಮ ರೆಡ್ ಆಕ್ಸೈಡ್ ನೆಲ. ದಯವಿಟ್ಟು ಅದನ್ನು ಕೀಳಿಸಬೇಡ. ವರ್ಷಗಟ್ಟಲೆ ಒರೆಸಿ ಬಂದ ಆ ಹೊಳಪು ಟೈಲ್ಸ್‌ಗೆ ಎಲ್ಲಿಂದ ಬರಬೇಕು? ಆ ಕೆಂಪು ಗೋಡೆಗೂ ಏರುತ್ತದೆ. ಈಗಿನ ಬಿಳಿ ಗೋಡೆಯನ್ನೇ ನೋಡು, ಬೆಳಕು ನೆಲಕ್ಕೆ ಬಿದ್ದಾಗ ಬುಡದ ಒಂದಡಿ ತೆಳು ಗುಲಾಬಿಯಾಗಿರುತ್ತದೆ. ಹಳದಿ ಬಳಿದರೆ ಅಲ್ಲಿ ಕಿತ್ತಳೆ ಛಾಯೆ ಬರುತ್ತದೆ. ಅದಕ್ಕೇ, ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಆರಿಸು.

ಸುಮ್ನೆ ನನ್ನ ಮಾತು ನಂಬಬೇಡ. ಚಿಕ್ಕ ಡಬ್ಬಿ ತಂದು, ಎರಡು ಬಣ್ಣವನ್ನೂ ಎರಡಡಿ ಚೌಕದಷ್ಟು, ಎರಡೆರಡು ಕೋಟ್ ಹೊಡೆಸು. ಒಂದು ಸಲ ಕಿಟಕಿ ಎದುರಿನ ಗೋಡೆಗೆ, ಇನ್ನೊಂದು ಸಲ ಕಿಟಕಿ ಇರುವ ಗೋಡೆಗೆ. ಒಣಗಿದ ಮೇಲೆ ಹಗಲಲ್ಲೂ ನೋಡು, ದೀಪ ಹಾಕಿಯೂ ನೋಡು. ಅಲ್ಲಿರುವ 6500 ಕೆಲ್ವಿನ್ ಟ್ಯೂಬ್‌ಲೈಟಿನಲ್ಲಿ, ಅಂದರೆ ನೀಲಿ ಬೆರೆತ ಬಿಳಿ ಬೆಳಕಿನಲ್ಲಿ, ಹಳದಿ ಸೊರಗುತ್ತದೆ. ಹಳದಿ ಬೆರೆತ ಬೆಳಕಿನ 3000 ಕೆಲ್ವಿನ್ನಿನದು ಹಾಕಿದರೆ ಅದೇ ಹಳದಿ ಬೆಚ್ಚಗೆ ಕಾಣುತ್ತದೆ.

‘ಒಂದೇ ಗೋಡೆಗೆ ನೀಲಿ ಕೊಡೋಣ’ ಅಂತ ಪೇಂಟರ್ ಹೇಳಬಹುದು. ಈ ಕೋಣೆಗೆ ಬೇಡ. ನೀಲಿಯನ್ನು ನಿನ್ನ ಮಲಗುವ ಕೋಣೆಗೆ ಇಟ್ಟುಕೋ. ಅಲ್ಲಿ ನೀನಿರೋದೇ ರಾತ್ರಿ ಹೊತ್ತು. ಆದರೆ ಪುಟ್ಟಿ ಕೆಲಸ ಗಟ್ಟಿಯಾಗಿ ಮಾಡಿಸು. ಗಾಢ ಬಣ್ಣದಲ್ಲಿ ಗೀರು, ಕೈ ಗುರುತು ಎಲ್ಲ ಎದ್ದು ಕಾಣುತ್ತವೆ.

ಮುಂಗಡ ಕೊಡುವ ಮೊದಲು ಅಮ್ಮನನ್ನೂ ಕೇಳು. ಅವರು ಏನಂದರು ಅಂತ ನನಗೆ ಬರೆ.

ನಿನ್ನ ಗೆಳೆಯ