ಔ ಅಂದರೆ ಔರಾದ

ಕಲಬುರಗಿ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳತಿ,

ನಿನ್ನ ಮೆಸೇಜು ಬಂದು ವಾರವಾಯಿತು. ಬೀದರಿನಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಕನ್ನಡ ಕ್ಲಾಸ್ ಶುರು ಮಾಡಬೇಕು ಅಂತಿದ್ದೀನಿ, ಯಾವ ಪುಸ್ತಕ ತರಿಸಲಿ, ಸ್ಲೇಟು ಎಷ್ಟು ಬೇಕು ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನೂ ನಾಲ್ಕು ಜನಕ್ಕೆ ಉಪಯೋಗವಾದರೆ ಆಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೈಕೋಬೇಡ.

ಪುಸ್ತಕ ಈಗಲೇ ತರಿಸಬೇಡ. ಮೊದಲು ನಿಮ್ಮ ಓಣಿಗೆ ನಳದ ನೀರು ಯಾವ ದಿನ, ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳಿಕೋ.

ತಮಾಷೆ ಅಲ್ಲ. ರಿಟೈರ್ ಆದ ಮೇಲೆ ನಾನು ದರ್ಗಾದ ಕಡೆಯ ಒಂದು ಮೊಹಲ್ಲಾದಲ್ಲಿ ಶುರು ಮಾಡಿದಾಗ ಸಂಜೆ ಐದರ ಟೈಮ್ ಇಟ್ಟಿದ್ದೆ. ಬಿಸಿಲು ಇಳಿದಿರುತ್ತದೆ, ನನಗೆ ನಡೆದು ಹೋಗಲು ಅನುಕೂಲ. ಮೊದಲ ದಿನ 22 ಜನ ಬಂದರು. ನಾಲ್ಕನೇ ದಿನ ಮೂರು ಜನ. ಇವರಿಗೆ ಕಲಿಯುವ ಮನಸ್ಸೇ ಇಲ್ಲ ಅಂತ ಮನೆಗೆ ಬಂದು ಗೊಣಗಿದೆ. ಐದು ಗಂಟೆಗೆ ಮಕ್ಕಳು ಶಾಲೆಯಿಂದ ಹಸಿದು ಬಂದಿರುತ್ತವೆ, ಒಲೆ ಹಚ್ಚಬೇಕು, ಗಂಡಸರು ಬರುವ ಹೊತ್ತು ಅನ್ನೋದು ನನ್ನ ತಲೆಗೆ ಬರಲೇ ಇಲ್ಲ. ನನ್ನ ಮನೆಯಲ್ಲೂ ಆ ಹೊತ್ತಿಗೆ ಅದೇ ನಡೆಯುತ್ತಿತ್ತು ನೋಡು. ಈಗ ಮಧ್ಯಾಹ್ನದ ಜೋಹರ್ ನಮಾಜ್ ಮುಗಿದ ಮೇಲೆ, ಎರಡೂವರೆಯಿಂದ ನಾಲ್ಕರವರೆಗೆ. ನಳ ಬಂದ ದಿನ ರಜೆ.

ಜಾಗದ ವಿಷಯದಲ್ಲೂ ಎಡವಿದೆ. ಸಮುದಾಯ ಭವನದ ಹಾಲ್ ಪುಕ್ಕಟೆ ಸಿಕ್ಕಿತ್ತು. ಆದರೆ ಅದರ ಮುಂದೆ ಕಟ್ಟೆ, ಕಟ್ಟೆಯ ಮೇಲೆ ದಿನವಿಡೀ ಹುಡುಗರು. ಬುರ್ಖಾ ಹಾಕಿಕೊಂಡರೂ ಆ ಕಟ್ಟೆ ದಾಟಿ ಬರೋದು ಅವರಿಗೆ ಬೇಡ. ಸಾಲದ್ದಕ್ಕೆ ನಾನು ಬ್ಯಾನರ್ ಕಟ್ಟಿ, ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆ. ಆ ಫೋಟೋ ಯಾರದೋ ಗಂಡನ ಫೋನಿಗೆ ಹೋಯಿತು. ಇಬ್ಬರು ಅಲ್ಲಿಂದ ಮುಂದೆ ಬರಲಿಲ್ಲ. ಅವರು ಇವತ್ತಿಗೂ ಎದುರಿಗೆ ಸಿಕ್ಕರೆ ನಗುತ್ತಾರೆ, ನನಗೇ ಮುಖ ಎತ್ತಲು ಆಗಲ್ಲ. ಆಮೇಲೆ ಒಬ್ಬ ಖಾಲಾ, ಅಂದರೆ ಚಿಕ್ಕಮ್ಮನ ವಯಸ್ಸಿನವರು, ತಮ್ಮ ಮನೆಯ ಮಾಳಿಗೆ ಕೋಣೆ ಕೊಟ್ಟರು. ಬಾಗಿಲಿಗೆ ಪರದೆ. ಫೋಟೋ ಇಲ್ಲ.

ಹೊಲಿಗೆ ಕ್ಲಾಸಿನ ಬಗ್ಗೆ ಕೇಳಿದ್ದೆ. ನಿನಗೆ ಸಿಟ್ಟು ಬಂದರೂ ಹೇಳಿಬಿಡುತ್ತೇನೆ. ಹೆಂಗಸರಿಗೆ ಏನಾದರೂ ಮಾಡಬೇಕು ಅಂದ ಕೂಡಲೇ ಎಲ್ಲರಿಗೂ ಹೊಲಿಗೆ ಮಷಿನ್ನೇ ನೆನಪಾಗುತ್ತದೆ. ನಮ್ಮ ಮೊಹಲ್ಲಾಕ್ಕೂ ಒಂದು ಸಂಸ್ಥೆಯವರು ಬಂದಿದ್ದರು. 30 ದಿನ ಟ್ರೇನಿಂಗು, ಸರ್ಟಿಫಿಕೇಟು, ಶಾಲು, ಫೋಟೋ. ಹೋದರು. ಒಂದೇ ಗಲ್ಲಿಯಲ್ಲಿ ಹದಿನಾಲ್ಕು ಜನ ಬ್ಲೌಸ್ ಹೊಲಿಯಲು ಕುಳಿತರೆ ಹೊಲಿಸಿಕೊಳ್ಳುವವರು ಯಾರು? ಮಷಿನ್ನುಗಳ ಮೇಲೆ ಈಗ ಹಾಸಿಗೆ ಮಡಚಿ ಇಡುತ್ತಾರೆ. ಹೊಲಿಗೆ ಕೆಟ್ಟದ್ದು ಅಂತಲ್ಲ. ಕೇಳದೇ ಕೊಟ್ಟದ್ದು ಹಾಗೇ ಆಗುತ್ತದೆ.

ನಾನು ಕೇಳಿದೆ. ಆಮೇಲೆ ಕೇಳಿದೆ, ಎರಡು ತಿಂಗಳು ದಂಡ ಮಾಡಿಕೊಂಡ ಮೇಲೆ! ಅಲ್ಲಿವರೆಗೆ ನಾವು ಬಿಎಡ್‌ನಲ್ಲಿ ಕಲಿತ ಹಾಗೆ ಅ ಅರಸ, ಆ ಆನೆ ನಡೆದಿತ್ತು. ಒಬ್ಬರು ಸ್ಲೇಟು ಕೆಳಗಿಟ್ಟು, "ಆಪಾ, ಆನೆ ನೋಡಿ ನಾ ಏನ್ ಮಾಡ್ಲಿ? ಬಸ್ ಬೋರ್ಡ್ ಓದೂದು ಕಲಸ್ರಿ" ಅಂದರು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತಲ್ಲ. ತವರಿಗೆ, ಆಸ್ಪತ್ರೆಗೆ ಒಬ್ಬರೇ ಹೋಗುವ ಧೈರ್ಯ ಬಂದಿದೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಇದು ಎಲ್ಲಿಗೆ ಹೋಗುತ್ತೆ ಅಂತ ಹತ್ತು ಜನರನ್ನು ಕೇಳಬೇಕು.

ಮರುದಿನದಿಂದ ನಮ್ಮ ವರ್ಣಮಾಲೆ ಬದಲಾಯಿತು. ಅ ಅಂದರೆ ಅಫಜಲಪುರ. ಆ ಅಂದರೆ ಆಳಂದ. ಕ ಕಮಲಾಪುರ, ಚ ಚಿಂಚೋಳಿ, ಜ ಜೇವರ್ಗಿ, ಯ ಯಡ್ರಾಮಿ, ಶ ಶಹಾಬಾದ, ಸ ಸೇಡಂ. ಜಿಲ್ಲೆಯ ಹನ್ನೊಂದು ತಾಲೂಕಿನಲ್ಲಿ ಎಷ್ಟು ಅಕ್ಷರ ಇವೆ ಅಂತ ನಾನು ಮೂವತ್ತು ವರ್ಷ ಪಾಠ ಮಾಡಿದರೂ ನೋಡಿರಲಿಲ್ಲ. ಎಲ್ಲರಿಗೂ ಕಷ್ಟ ಆದದ್ದು ಳ. ದಖ್ನಿ ಉರ್ದು ಮಾತಾಡುವ ನಾಲಿಗೆಗೆ ಅದು ಲ ಆಗಿಬಿಡುತ್ತದೆ. ಒಬ್ಬ ಖಾಲಾ ಅಳುಮೋರೆ ಮಾಡಿಕೊಂಡು, "ನಮ್ ಮನಿ ಹಾಲಾಯ್ತ್ರೀ" ಅಂದರೆ ನಾನು ಮನೆಯಲ್ಲಿ ಹಾಲು ಉಕ್ಕಿಸಿದ್ದೀರಾ ಅಂತ ಕೇಳಿದ್ದೆ. ಅವರು ಹೇಳಿದ್ದು ಮನೆ ಹಾಳಾದದ್ದು. ಮಳೆಗೆ ಗೋಡೆ ಬಿದ್ದಿತ್ತು. ಈಗಲೂ ಅವರಿಗೆ ಳ ಬಾಯಲ್ಲಿ ಬರಲ್ಲ. ಆದರೆ ಆಳಂದ ಬೋರ್ಡಿನಲ್ಲಿ ಎಲ್ಲಿದೆ ಅಂದರೆ ಬೆರಳಿಟ್ಟು ತೋರಿಸುತ್ತಾರೆ. ನನಗೆ ಅಷ್ಟು ಸಾಕು.

ಆಮೇಲೆ ಅರ್ಜಿ. ಒಂದು ಖಾಲಿ ಅರ್ಜಿ ತಂದು ಗಟ್ಟಿಯಾಗಿ ಓದಿದೆ. ಅರ್ಜಿ, ಜಿಲ್ಲೆ, ತಾಲೂಕು, ದಾಖಲೆ, ತಾರೀಖು, ಮಂಜೂರು, ರಸೀದಿ. ಮೂಲೆಯಿಂದ ಒಬ್ಬಳು, ಇವೆಲ್ಲ ನಮ್ಮ ಮಾತೇ ಅಲ್ವಾ ಅಂತ ನಕ್ಕಳು. "ಯೇ ತೋ ಸಬ್ ಹಮಾರೀಚ್ ಬಾತಾಂ ಹೈಂ ನಾ ಆಪಾ!" ನಿಜ ಅಲ್ವಾ? ಕಚೇರಿಯ ಕನ್ನಡದಲ್ಲಿ ಅರ್ಧ ಮಾತು ಅವರ ಮನೆಯದ್ದೇ. ಲಿಪಿ ಒಂದು ಗೊತ್ತಿಲ್ಲ ಅಂತ ಕೌಂಟರಿನ ಮುಂದೆ ಮೂಕಿಯರ ಹಾಗೆ ನಿಲ್ಲುತ್ತಿದ್ದರು.

ಆಗ ನನಗೆ ನಮ್ಮಜ್ಜಿ ನೆನಪಾದಳು. ಅಜ್ಜ ನಿಜಾಮರ ಕಾಲದಲ್ಲಿ ಓದಿದವರು, 1948ರವರೆಗೆ ಇಲ್ಲಿ ಕಚೇರಿಯ ಭಾಷೆ ಉರ್ದುವೇ. ಅವರ ಪತ್ರ ಬಂದರೆ ಕನ್ನಡದ ಅಜ್ಜಿಗೆ ಓದಿ ಹೇಳಲು ಪಕ್ಕದ ಮನೆಯ ಮಾಸ್ತರರು ಬರಬೇಕಿತ್ತು. ಹೊಲದ ಕಾಗದಕ್ಕೆ ಏನಿದೆ ಅಂತ ಗೊತ್ತಿಲ್ಲದೇ ಹೆಬ್ಬೆಟ್ಟು ಒತ್ತಿದವಳು ಅವಳು. ಇದನ್ನು ಕ್ಲಾಸಿನಲ್ಲಿ ಹೇಳಿದೆ. ಖಾಲಾ ನನ್ನ ಕೈ ಹಿಡಿದು ಸುಮ್ನೆ ಕೂತರು.

ಇನ್ನೊಂದು ಮಾತು. ಈ ಖಾಲಾ ಎಷ್ಟೋ ಸಲ ಅರಬ್ಬಿಯಲ್ಲಿ ಕುರಾನ್ ಓದಿ ಮುಗಿಸಿದವರು. ಆದರೆ ಅರ್ಥ ಗೊತ್ತಾಗಿ ಓದಲು, ಬರೆಯಲು ಎರಡೂ ಬಂದರೆ ಮಾತ್ರ ಜನಗಣತಿಯವರಿಗೆ ಸಾಕ್ಷರರು. ಹಾಗಾಗಿ ಇವರು ನಿರಕ್ಷರಿ. 2011ರ ಲೆಕ್ಕದಲ್ಲಿ ಹೆಂಗಸರ ಸಾಕ್ಷರತೆ ರಾಜ್ಯದಲ್ಲಿ ಶೇ. 68 ಇದ್ದರೆ ನಮ್ಮ ಜಿಲ್ಲೆಯಲ್ಲಿ ಶೇ. 55, ಯಾದಗಿರಿಯಲ್ಲಿ ಶೇ. 41. ಆ ಲೆಕ್ಕ ಸುಳ್ಳಲ್ಲ. ಆದರೆ ಅಕ್ಷರ ಅಂದರೇನು ಅಂತ ಗೊತ್ತಿರುವ ಕಣ್ಣು ಅದರೊಳಗೆ ಎಷ್ಟಿವೆಯೋ. ಖಾಲಾಗೆ ಕಲಿಸುವಾಗ ನಾನು ಮಾಡಿದ್ದು ಇಷ್ಟೇ, ಬಲದಿಂದ ಅಲ್ಲ, ಎಡದಿಂದ ಶುರು ಮಾಡಿ ಅಂದದ್ದು.

ರಿಂಗ್ ರೋಡಿನ ಆಚೆ ಗೌಂಡಿ ಕೆಲಸಕ್ಕೆ ಹೋಗುವ ಲಂಬಾಣಿ ಹೆಣ್ಣುಮಕ್ಕಳ ಕ್ಲಾಸು ಬೇರೆ ಥರ. ಅದು ರಾತ್ರಿ ಎಂಟಕ್ಕೆ, ವಾರಕ್ಕೆ ಎರಡೇ ದಿನ. ಅವರಿಗೆ ಬೇಕಾದದ್ದು ಹಾಜರಿ ಬರೆಯುವುದು. ಕಟ್ಟಡ ಕಾರ್ಮಿಕರ ಕಾರ್ಡು ಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಮೇಸ್ತ್ರಿ ತನ್ನ ಡೈರಿಯಲ್ಲಿ ಬರೆದದ್ದೇ ಲೆಕ್ಕ. ಈಗ ಇವರ ಹತ್ತಿರವೂ ಒಂದೊಂದು ನೋಟ್‌ಬುಕ್ಕು ಇದೆ: ತಾರೀಖು, ಊರು, ಕೂಲಿ. ಬರೆಯುವಾಗ ಬಳೆ ಸದ್ದು ಎಷ್ಟು ಜೋರು ಅಂದರೆ ನಾನು ಹೇಳಿದ್ದು ಕೇಳಿಸಲ್ಲ. ಅವರು ಮಕ್ಕಳ ಹಾಗೆ ನಗುತ್ತಾರೆ, ನಾನು "ಯಾಡಿ" ಅಂತ ಕರೆದರೆ ಇನ್ನೂ ಜಾಸ್ತಿ ನಗುತ್ತಾರೆ. ಲಂಬಾಣಿಯಲ್ಲಿ ಅದು ಅಮ್ಮ ಅಂತ. ಡಿಸೆಂಬರ್ ಬಂತೆಂದರೆ ತೊಗರಿ ಕಟಾವಿಗೆ ಅರ್ಧ ಜನ ತಾಂಡಾಕ್ಕೆ ಹೋಗಿಬಿಡುತ್ತಾರೆ. ಮೊದಲ ವರ್ಷ ನಾನು ಹಾಜರಿ ಕೂಗಿ ಬೇಜಾರು ಮಾಡಿಕೊಂಡೆ. ಈಗ ನನ್ನದೂ ತೊಗರಿ ರಜೆ.

ಅಲ್ಲಿ ಒಬ್ಬ ಸೊಸೆ ತಾಂಡೂರಿನ ಕಡೆಯವಳು. ತವರಿನಲ್ಲಿ, ಅಂದರೆ ತೆಲಂಗಾಣದಲ್ಲಿ, ಅವಳು ಪರಿಶಿಷ್ಟ ಪಂಗಡ. ಗಂಡನ ಮನೆಯವರು ಇಲ್ಲಿ ಪರಿಶಿಷ್ಟ ಜಾತಿ. ಮಾತು ಒಂದೇ, ಹಾಡು ಒಂದೇ, ಗಡಿ ದಾಟಿದರೆ ಕಾಗದ ಬೇರೆ. ಯಾವ ಕಿಟಕಿಗೆ ಹೋಗಬೇಕು ಅಂತ ಅವಳಿಗೆ ತಿಳಿಸಲು ಅಕ್ಷರಕ್ಕಿಂತ ಒಬ್ಬ ಒಳ್ಳೆಯ ವಕೀಲೆ ಬೇಕು. ನಿಮ್ಮ ಬೀದರ್ ಎರಡು ರಾಜ್ಯದ ಗಡಿಗೆ ಅಂಟಿಕೊಂಡ ಊರು. ಇಂಥವರು ನಿನಗೆ ಮೊದಲ ವಾರವೇ ಸಿಗುತ್ತಾರೆ. ತಿಂಗಳಿಗೊಮ್ಮೆ ಬಂದು ಕೂರುವ ವಕೀಲೆಯನ್ನು ಈಗಲೇ ಹುಡುಕಿಟ್ಟುಕೋ. ಮತ್ತೆ, ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟಕ್ಕೇ ತೆರೆದು ಒಂದೂವರೆಗೆ ಮುಚ್ಚುತ್ತಲ್ಲ, ಅದನ್ನು ಎಲ್ಲರಿಗೂ ಹೇಳು. ಎರಡು ಗಂಟೆಗೆ ಉರಿಬಿಸಿಲಲ್ಲಿ ಹೋಗಿ ಬೀಗ ನೋಡಿ ಬಂದವರು ಇದ್ದಾರೆ.

ಸ್ಲೇಟಿಗೆ ಅಂತ ಇಟ್ಟ ದುಡ್ಡನ್ನು ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಗೆ ಕೊಡು. ಕೂಸು ಅತ್ತರೆ ತಾಯಿ ಎದ್ದು ಹೋಗುತ್ತಾಳೆ, ಮತ್ತೆ ಬರಲ್ಲ. ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿದ್ದ ಹುಡುಗಿಯನ್ನು ಇಟ್ಟುಕೊಂಡೆ. ಪಕ್ಕದ ಕೋಣೆಯಲ್ಲಿ ಕೂಸುಗಳನ್ನು ಆಡಿಸುತ್ತಾ ನನ್ನ ಪಾಠ ಕೇಳಿಸಿಕೊಂಡು, ಕನ್ನಡ ಪಾಸ್ ಮಾಡಿಕೊಂಡಳು. ಗಣಿತ ಇನ್ನೂ ಬಾಕಿ. ಅದು ನನ್ನಿಂದ ಆಗದ ಕೆಲಸ, ನಿನಗೆ ಗೊತ್ತು. ರಜೆಯಲ್ಲಿ ಬಂದಾಗ ನೀನೇ ಹದಿನೈದು ದಿನ ಹೇಳಿಕೊಡು.

ನಿಮ್ಮ ಬಸ್‌ಸ್ಟ್ಯಾಂಡಿನ ಬೋರ್ಡುಗಳ ಫೋಟೋ ಕಳಿಸು. ಬ ಬಸವಕಲ್ಯಾಣ, ಭ ಭಾಲ್ಕಿ, ಹ ಹುಮನಾಬಾದ. ನಿನಗೆ ಔಗೆ ಔರಾದ ಸಿಕ್ಕಿದೆ, ನನಗೆ ಹನ್ನೊಂದು ತಾಲೂಕಿನ ಹೆಸರು ಹುಡುಕಿದರೂ ಆ ಔಷಧದ ಬಾಟ್ಲಿಯೇ ಗತಿ. ಹೊಟ್ಟೆಕಿಚ್ಚು ನನಗೆ.

ನಳ ಬಂತು. ಕೊಡ ಇಡಬೇಕು, ಉಳಿದದ್ದು ಇನ್ನೊಮ್ಮೆ.

ನಿನ್ನ,
ಕಲಬುರಗಿಯ ಗೆಳತಿ