ಶನಿವಾರದ ಚರ್ಚೆಗೆ ಮುನ್ನ: ಸಸ್ಯಪ್ಲವಕ ಮತ್ತು ಪೋಷಕಾಂಶ

ಸದಸ್ಯರ ಗಮನಕ್ಕೆ. ಸಸ್ಯಪ್ಲವಕ ಅಂದರೆ ನೀರಿನಲ್ಲಿ ತೇಲುತ್ತಾ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮ ಜೀವಿಗಳು. 'ಪೋಷಕಾಂಶ ಹೆಚ್ಚಿದಷ್ಟೂ ಸಸ್ಯಪ್ಲವಕ ಹೆಚ್ಚು' ಎಂದು ನಿನ್ನೆ ಹಲವರು ಬರೆದಿದ್ದೀರಿ. ತಪ್ಪಲ್ಲ, ಆದರೆ ಅದು ಅರ್ಧ ಮಾತು. ಎಷ್ಟು ಬೆಳೆಯುತ್ತದೆ ಎಂಬುದಷ್ಟೇ ಅಲ್ಲ, ಯಾವುದು ಬೆಳೆಯುತ್ತದೆ ಎಂಬುದೂ ಪೋಷಕಾಂಶದ ಕೈಯಲ್ಲೇ ಇದೆ.

ಕರಾವಳಿಗೆ ನದಿಗಳು ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ತಂದು ಸುರಿಯುತ್ತವೆ. ಅಲ್ಲಿ ಸಸ್ಯಪ್ಲವಕಗಳ ಪೈಕಿ, ಸಿಲಿಕೇಟ್ ಬಳಸಿ ಮುಚ್ಚಳವಿರುವ ಗಾಜಿನ ಡಬ್ಬಿಯಂಥ ಕವಚ ಕಟ್ಟಿಕೊಳ್ಳುವ ಡಯಾಟಮ್‌ಗಳದ್ದೇ ಮೇಲುಗೈ. ಸಿಲಿಕೇಟ್ ಮುಗಿದು ನೈಟ್ರೇಟ್ ಉಳಿದರೆ ಕವಚ ಕಟ್ಟಲಾಗದೆ ಅವು ಹಿಂದೆ ಸರಿಯುತ್ತವೆ, ಸಿಲಿಕೇಟ್ ಕವಚ ಬೇಡದ ಇನ್ನೊಂದು ಗುಂಪಿನ ಸಸ್ಯಪ್ಲವಕಗಳಿಗೆ, ಅಂದರೆ ಡೈನೋಫ್ಲಾಜೆಲೇಟ್‌ಗಳಂಥವಕ್ಕೆ ಜಾಗ ಸಿಗುತ್ತದೆ. ಹೊಲದ ಗೊಬ್ಬರ ತೊಳೆದು ಬರುವ ನೀರಿನಲ್ಲಿ ನೈಟ್ರೇಟ್ ಧಾರಾಳ, ಸಿಲಿಕೇಟ್ ಅಲ್ಲ ಎಂಬುದನ್ನು ಮರೆಯಬೇಡಿ.

ದೂರದ ನೀಲಿ ಕಡಲಿನ ಮೇಲ್ಪದರದಲ್ಲಿ ನೈಟ್ರೇಟ್ ಹುಡುಕಿದರೂ ಸಿಗದಷ್ಟು ಕಡಿಮೆ. ಅಲ್ಲಿ ಗೆಲ್ಲುವುದು ಸುಮಾರು 0.6 ಮೈಕ್ರೋಮೀಟರ್ ಅಡ್ಡಳತೆಯ ಪ್ರೊಕ್ಲೊರೊಕಾಕಸ್ ಎಂಬ ಬ್ಯಾಕ್ಟೀರಿಯಾ. ಕೋಶ ಕಿರಿದಾದಷ್ಟೂ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈಯ ಹರವು ಹೆಚ್ಚು. ಹಾಗಾಗಿ ಪೋಷಕಾಂಶದ ಚೂರುಪಾರನ್ನೂ ಬಿಡದೆ ಹೀರುತ್ತದೆ. (ನನ್ನ ಒಲವು ಈ ಪುಟಾಣಿಯ ಕಡೆಗೇ!)

ಇನ್ನು ಕೆಲವೆಡೆ ನೈಟ್ರೇಟ್ ಇದ್ದರೂ ಹಸಿರಿಲ್ಲ, ಕೊರತೆ ಕಬ್ಬಿಣದ್ದು. 1993ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ದಕ್ಷಿಣಕ್ಕೆ ಕಡಲಿಗೆ ಕಬ್ಬಿಣ ಬೆರೆಸಿ ನೋಡಿದಾಗ ಕ್ಲೋರೊಫಿಲ್ (ಸಸ್ಯಪ್ಲವಕದ ಹಸಿರು ವರ್ಣಕ) ಏರಿತು.

ನೀವು ಹಾಕಿದ ಪೋಷಕಾಂಶಗಳ ಕೋಷ್ಟಕದಲ್ಲಿ ಸಿಲಿಕೇಟ್ ಬಿಟ್ಟವರು ಅದನ್ನು ಸೇರಿಸಿ, ಶುಕ್ರವಾರದೊಳಗೆ ಮತ್ತೆ ಹಾಕಿ.