ಬಲೆ ಎಳೆಯುವ ಮರಳನ್ನೂ ನಕ್ಷೆಯಲ್ಲಿ ಗುರುತಿಸಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಪಡುಬಿದ್ರಿ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಸಿಕ್ಕಾಗ ನಾವೂ ಸಂತೋಷಪಟ್ಟವರೇ. ಕಸವಿಲ್ಲದ ಮರಳು, ಶುಚಿಯಾದ ಶೌಚಾಲಯ, ಜೀವರಕ್ಷಕರು ಯಾರಿಗೆ ಬೇಡ? ಆದರೆ ಈಗ ಊರೂರಿನ ಮರಳಿನ ಮೇಲೂ ಪ್ರವಾಸೋದ್ಯಮದ ಕಣ್ಣು ಬಿದ್ದಿದೆ. ಆ ಮರಳಿನ ಮೇಲೆ ದುಡಿಯುವವರನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಕೈರಂಪಣಿ (ದಡದಲ್ಲಿ ನಿಂತು ಕೈಯಿಂದಲೇ ಎಳೆಯುವ ಬಲೆ) ಎಳೆಯುವುದನ್ನು ತಾವು ನೋಡಿರಬಹುದು. ಹಗ್ಗದ ಒಂದು ತುದಿ ದಡದಲ್ಲಿ ನಿಂತವರ ಕೈಯಲ್ಲಿರುತ್ತದೆ. ದೋಣಿ ಬಲೆ ಬಿಡುತ್ತಾ ಕಡಲಿನಲ್ಲಿ ಬಳಸಿ ಬಂದು, ಇನ್ನೊಂದು ತುದಿಯನ್ನು ಅಷ್ಟು ದೂರದಲ್ಲಿ ದಡ ಸೇರಿಸುತ್ತದೆ. ಆಮೇಲೆ ಎರಡೂ ಗುಂಪಿನವರು ಹಿಂದಕ್ಕೆ ಹೆಜ್ಜೆಯಿಡುತ್ತಾ ಎಳೆಯುತ್ತಾರೆ, ಎಳೆಯುತ್ತಲೇ ಪರಸ್ಪರ ಹತ್ತಿರವಾಗುತ್ತಾರೆ. ಬೂತಾಯಿಯೋ ಬಂಗುಡೆಯೋ, ಬಂದದ್ದರಲ್ಲಿ ಎಲ್ಲರಿಗೂ ಪಾಲು. ಯಂತ್ರ ಬೇಡ, ಡೀಸೆಲ್ ಬೇಡ. ಬೇಕಾದದ್ದು ಅಡೆತಡೆಯಿಲ್ಲದ ಮರಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಎಷ್ಟೋ ಮನೆಗಳ ಒಲೆ ಉರಿಯುವುದು ಇಂಥ ನಾಡ ಮೀನುಗಾರಿಕೆಯಿಂದಲೇ.

ನಮ್ಮೂರಿನ (ಹೆಸರು ಬೇಡ, ಇಂಥ ಊರು ಇದೊಂದೇ ಅಲ್ಲ) ಅದೇ ಮರಳಿನಲ್ಲಿ ಈಗ ಇಂಟರ್‌ಲಾಕ್ ಹಾಸಿದ ಕಾಲುದಾರಿ, ಬೆಂಚುಗಳು, ಸೆಲ್ಫಿ ಪಾಯಿಂಟ್ ಇವೆ. ಹಗ್ಗ ಹಿಡಿದವರು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆನ್ನಿಗೆ ಬೆಂಚು ತಾಗುತ್ತದೆ. ಮೀನು ಒಣಗಿಸುತ್ತಿದ್ದ ಹೆಂಗಸರಿಗೆ, ವಾಸನೆಯ ದೂರು ಬಂದಿದೆ, ಬೇರೆ ಕಡೆ ಹೋಗಿ ಎಂದು ಹೇಳಲಾಗಿದೆ. ಕಡಲ ಬದಿಗೆ ಬಂದು ಮೀನಿನ ವಾಸನೆ ಎನ್ನುವವರಿಗೆ ಏನು ಹೇಳೋಣ! ವಾಹನ ನಿಲ್ಲಿಸಲೆಂದು ಮರಳಿನ ದಿಬ್ಬವನ್ನೂ ಸಮತಟ್ಟು ಮಾಡಿದ್ದಾರೆ. ಅಲೆಯ ಹೊಡೆತ ತಡೆಯುತ್ತಿದ್ದದ್ದು ಆ ದಿಬ್ಬ. ಇನ್ನು ಕಡಲ್ಕೊರೆತ ಶುರುವಾದರೆ ಕಲ್ಲು ಹಾಕಲು ಪ್ರತ್ಯೇಕ ಅನುದಾನ ಬರುತ್ತದೆ, ಬಿಡಿ.

ಕಾನೂನು ನಮಗೊಂದು, ಪ್ರವಾಸೋದ್ಯಮಕ್ಕೊಂದು ಎನ್ನುವಂತಿದೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಅಭಿವೃದ್ಧಿ ನಿಷೇಧಿತ ವಲಯ. ಅದರೊಳಗೆ ಮನೆಯಿರುವ ಮೀನುಗಾರ ಮಗನ ಮದುವೆಗೆಂದು ಒಂದು ಕೋಣೆ ಕಟ್ಟಲು ಹೊರಟರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅದೇ ವಲಯದಲ್ಲಿ ತಾತ್ಕಾಲಿಕ ಪ್ರವಾಸಿ ಸೌಲಭ್ಯಕ್ಕೆ ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು. ಪರಿಸರ ರಕ್ಷಣೆಗಾಗಿ ನಿರ್ಬಂಧ ಎಂದರೆ ಒಪ್ಪಿಕೊಳ್ಳೋಣ. ಆದರೆ ನಮ್ಮ ಕೋಣೆಯಿಂದ ಕೆಡುವ ಪರಿಸರ ಅವರ ತಿಂಡಿ ಅಂಗಡಿಯಿಂದ ಕೆಡುವುದಿಲ್ಲವೇ?

ಹೊಸ ಕಾನೂನೇನೂ ಬೇಕಿಲ್ಲ. ಮೀನುಗಾರರ ಸಾಮೂಹಿಕ ಜಾಗಗಳನ್ನೂ ಮೀನು ಒಣಗಿಸುವ ಕಟ್ಟೆಗಳನ್ನೂ ಸರ್ವೆ ನಂಬರ್ ಮಟ್ಟದ ನಕ್ಷೆಯಲ್ಲಿ ತೋರಿಸಬೇಕು ಎಂದು 2011ರ ಅಧಿಸೂಚನೆಯೇ ಹೇಳಿತ್ತು. ಸಿಆರ್‌ಝಡ್ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಅದರಲ್ಲಿ ಸಾಂಪ್ರದಾಯಿಕ ಕರಾವಳಿ ಸಮುದಾಯದ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು. ಆ ಸಮಿತಿಯ ಸಭೆ ಕರೆಯಿರಿ. ಕೈರಂಪಣಿ ಎಳೆಯುವ, ದೋಣಿ ನಿಲ್ಲಿಸುವ, ಮೀನು ಒಣಗಿಸುವ ಜಾಗಗಳನ್ನು ಊರವರನ್ನು ಕರೆದುಕೊಂಡು ಹೋಗಿ ಅಳೆಸಿ, ನಕ್ಷೆಗೆ ಸೇರಿಸಿ. ಅಲ್ಲಿಯವರೆಗೆ ಯಾವ ತೀರದಲ್ಲೂ ಹೊಸ ಟೆಂಡರ್ ಕರೆಯಬೇಡಿ. ಅಳತೆಯ ದಿನ ಮೊದಲೇ ತಿಳಿಸಿದರೆ ಹಗ್ಗ ಹಿಡಿಯುವವರು ಅಂದು ಕಡಲಿಗಿಳಿಯದೆ ತಮ್ಮ ಜೊತೆಗಿರುತ್ತಾರೆ.

ಇತಿ,
ಮೀನುಗಾರ ಕುಟುಂಬದ ಒಬ್ಬ ನಿವಾಸಿ
ಉಡುಪಿ ಜಿಲ್ಲೆ